ಕಮಲ ಒಳಗೆ, ಕಮಲಮ್ಮ ಹೊರಗೆ

ಕುಡಿಯುವ ನೀರಿನ ತೊಂದರೆಯನ್ನು ಹಳ್ಳಿಯವರೇ ಮೊಬೈಲ್‌ನಲ್ಲಿ ಬರೆದು ಕಳಿಸಲಿ ಎಂದು ನಾವು ಗೆಳೆಯರು ಒಂದು ಫಾರ್ಮ್ ಮಾಡಿದ್ದೆವು. ಕೋಡ್ ಬರೆಯುವವರು ನಮ್ಮಲ್ಲಿ ಯಾರೂ ಇಲ್ಲ. ಪೇಜ್ ಬಿಲ್ಡರ್ ಒಂದರಲ್ಲಿ ಪೆಟ್ಟಿಗೆಗಳನ್ನು ಎಳೆದು ಕೂರಿಸಿದೆವು. ಹೆಸರು, ಊರು, ಫೋನ್ ನಂಬರಿಗೆ ಅದರ ಜೊತೆಗೇ ಸಿಗುವ ಕಸ್ಟಮ್ ಫೀಲ್ಡ್‌ಗಳು. ಲೇಬಲ್ಲುಗಳೆಲ್ಲ ಚಂದದ ಕನ್ನಡದಲ್ಲಿದ್ದವು. ಆದರೆ ಹೆಸರನ್ನು ಕನ್ನಡದಲ್ಲಿ ಬರೆದರೆ ಮಾತ್ರ ‘ಕೇಳಿದ ನಮೂನೆಯಲ್ಲಿ ತುಂಬಿ’ ಎಂಬ ಎಚ್ಚರಿಕೆ ಬರುತ್ತಿತ್ತು.

ಜನ ಜಗಳವಾಡಲಿಲ್ಲ. ಮೊಮ್ಮಕ್ಕಳ ಕೈಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿಸಿ ಕಳಿಸಿದರು. ಪೇಚು ಶುರುವಾದದ್ದೇ ಆಗ. ಹಾಗೆ ಬಂದ ಹೆಸರು ಹಾಲಪ್ಪನೋ ಹಾಳಪ್ಪನೋ? ತಪ್ಪು ಹೆಸರು ವರದಿಯಲ್ಲಿ ಬಂದರೆ ‘ಇಂಥವರು ನಮ್ಮೂರಲ್ಲೇ ಇಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ನೀರಿನ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಪಕ್ಕದಲ್ಲೇ ಒಂದು ಸಾದಾ ಬರಹದ ಪೆಟ್ಟಿಗೆ ಇಟ್ಟು ಅದೇ ಹೆಸರು ಹಾಕಿ ನೋಡಿದೆವು. ಸಲೀಸಾಗಿ ಹೋಯಿತು. ಅಂದರೆ ಕೀಬೋರ್ಡ್, ಫೋನು, ಸರ್ವರ್ ಯಾವುದರ ತಕರಾರೂ ಇಲ್ಲ. ತಡೆಯುತ್ತಿರುವುದು ಕಸ್ಟಮ್ ಫೀಲ್ಡೇ. ಅದರ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಇಂಗ್ಲಿಷಿನ ಎ ಇಂದ ಝಡ್‌ವರೆಗೆ ಮಾತ್ರ ಎಂಬ ನಿಯಮ ಮೊದಲೇ ತುಂಬಿಕೊಂಡಿತ್ತು.

ಅದನ್ನು ತೆಗೆದು ‘ಯಾವುದೇ ಭಾಷೆಯ ಅಕ್ಷರ’ ಎಂಬ ಯೂನಿಕೋಡ್ ನಿಯಮ ಹಾಕಿದಾಗ ಒಂದು ತಮಾಷೆ ನಡೆಯಿತು. ಕಮಲ ಒಳಗೆ ಹೋದಳು, ಕಮಲಮ್ಮ ಬಾಗಿಲಲ್ಲೇ ನಿಂತರು! ಭರತ ಹೋದ, ಗೀತಾ ನಿಂತಳು. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ಅಕ್ಷರಗಳು. ಒತ್ತಕ್ಷರ ಕಟ್ಟುವ ಹಲಂತವೂ ಗುಣಿತದ ಚಿಹ್ನೆಗಳೂ ‘ಗುರುತು’ ಎಂಬ ಬೇರೆ ವರ್ಗ. ಗುರುತುಗಳನ್ನೂ ಸೇರಿಸಿದೆವು. ಆಗ ಸಿಕ್ಕಿಬಿದ್ದದ್ದು ರಾಜ್‌ಕುಮಾರ್. ಜಕಾರಕ್ಕೆ ಕಕಾರ ಒತ್ತಾಗಿ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ನಡುವೆ ಕೂತಿರುತ್ತದೆ. ಅದು ಎರಡೂ ವರ್ಗಕ್ಕೆ ಸೇರದು. ಸಾಕಾಗಿ ನಿಯಮವನ್ನೇ ಕಿತ್ತುಹಾಕಿದೆವು. ಜನರ ಹೆಸರು ಹೀಗೇ ಇರಬೇಕು ಎನ್ನುವುದು ಅಧಿಕಪ್ರಸಂಗವೇ ಸರಿ.

ಊರಿನ ಪೆಟ್ಟಿಗೆಗೆ 12 ಅಕ್ಷರದ ಮಿತಿಯಿತ್ತು. ಚಿಕ್ಕನಾಯಕನಹಳ್ಳಿ ನಮ್ಮ ಬಾಯಲ್ಲಿ ಎಂಟೇ ಅಕ್ಷರ. ಬ್ರೌಸರಿಗೆ 15, ಗುಣಿತ, ಹಲಂತವನ್ನೆಲ್ಲ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಹಾಗಾಗಿ ಊರು ‘ಚಿಕ್ಕನಾಯಕನಹಳ’ ಎಂದು ಮೊಟಕಾಗಿ ನಿಲ್ಲುತ್ತಿತ್ತು. ಮಿತಿಯನ್ನು 100ಕ್ಕೆ ಏರಿಸಿದೆವು.

ಫೋನ್ ನಂಬರಿನದು ಬೇಗ ಮುಗಿಯಿತು. ಸಂಖ್ಯೆಯ ಬಗೆಯ ಫೀಲ್ಡ್ ಕನ್ನಡ ಅಂಕಿಗಳನ್ನು ಸಂಖ್ಯೆ ಎಂದೇ ಒಪ್ಪುವುದಿಲ್ಲ. ಅದನ್ನು ಟೆಲಿಫೋನ್ ಬಗೆಗೆ ಬದಲಿಸಿ, ಬಂದ ಕನ್ನಡ ಅಂಕಿಗಳನ್ನು ನಾವೇ ತಿದ್ದಿಕೊಳ್ಳುತ್ತಿದ್ದೇವೆ.

ಇನ್ನು ಉಳಿದದ್ದು ‘ಎಂದಿನಿಂದ ನೀರಿಲ್ಲ’ ಎಂಬ ಪ್ರಶ್ನೆ. ಅಲ್ಲಿ ಕ್ಯಾಲೆಂಡರ್ ತೆರೆದುಕೊಂಡು ತಾರೀಕು ಒತ್ತಿ ಎನ್ನುತ್ತಿತ್ತು. ಜನ ಹೇಳುವುದು ‘ಯುಗಾದಿ ಆದ ಮರುವಾರದಿಂದ’ ಎಂದು. ಅದನ್ನು ಸಾದಾ ಬರಹದ ಪೆಟ್ಟಿಗೆಯಾಗಿಯೇ ಬಿಟ್ಟಿದ್ದೇವೆ.