ಮೂರನೆಯ ಪಾಲು

ನೀರು ತುಂಬಿದ ಗುಹೆಗಳಲ್ಲಿ ಮುಳುಗಿ ಸಂಚರಿಸುವವರಿಗೆ ಒಂದು ನಿಯಮವುಂಟು: ಸಿಲಿಂಡರಿನ ಗಾಳಿಯಲ್ಲಿ ಮೂರರಲ್ಲೊಂದು ಪಾಲು ಒಳಹೋಗಲು, ಒಂದು ಪಾಲು ಹಿಂದಿರುಗಲು, ಮೂರನೆಯದು ಆಪತ್ತಿಗೆ. ಮೊದಲ ಪಾಲು ತೀರಿದೊಡನೆ, ಮುಂದಿನ ಕವಲು ಎಷ್ಟೇ ಸೆಳೆದರೂ ಮರಳಬೇಕು. ಬಾಯಿಯಿಂದ ಎಳೆದು ತಂದ ದಾರವನ್ನು ಬಿಟ್ಟು ಮುಂದೆ ಸಾಗಬಾರದು; ತಲೆಯ ಮೇಲೆ ಬಂಡೆಯಿರುವಲ್ಲಿ ನೇರವಾಗಿ ಮೇಲೇಳುವಂತಿಲ್ಲ.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಬಾಲಕರು ಸಿಲುಕಿದ್ದಾಗ ಇದನ್ನು ಓದಿದೆವು. ಅವರಿಗಾಗಿ ದುಡಿಯುತ್ತಿದ್ದ ಸಮನ್ ಕುನಾನ್ ಎಂಬ ಮಾಜಿ ನೌಕಾಯೋಧರು ಅಲ್ಲಿಯೇ ಮಡಿದರು. ಆಗ ನಮಗೆ ನೆನಪಾದದ್ದು 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಚೆನ್ನೈ ಮುಳುಗಿದ ರಾತ್ರಿ.

ಎರಡು ಬೀದಿಗಳಾಚೆ ಒಂಟಿಯಾಗಿದ್ದ ಹಿರಿಯ ಕನ್ನಡತಿಯೊಬ್ಬರನ್ನು ಕರೆತರಲು ನಾವಿಬ್ಬರು, ಪತಿಪತ್ನಿಯರು, ಹೊರಟೆವು. ವಿದ್ಯುತ್ತಿಲ್ಲ. ಹತ್ತು ವರ್ಷ ನಡೆದಾಡಿದ್ದ ಬೀದಿಯೇ ಅಪರಿಚಿತ ಸುರಂಗವಾಗಿತ್ತು. ಮೊದಲ ತಿರುವಿನಲ್ಲಿ ನೀರು ಎದೆಗೇರಿತು. ತೆರೆದ ಚರಂಡಿ ಎಲ್ಲಿದೆಯೆಂದು ತಿಳಿಯಲಿಲ್ಲ. ಮರಳಿದೆವು. ಅದನ್ನು ಹೇಡಿತನವೆಂದೇ ಬಗೆದು, ಬೆಳಗಿನವರೆಗೆ ಪರಸ್ಪರ ಮುಖ ನೋಡದೆ ಕುಳಿತೆವು.

ಬೆಳಿಗ್ಗೆ ಮೀನುಗಾರರ ದೋಣಿಯಲ್ಲಿ ಹೋದಾಗ ಅವರು ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ನಾವು ತಲೆತಗ್ಗಿಸಿ ನಡೆದುದನ್ನು ಹೇಳಿದೆವು.

"ಹಿಂದಿರುಗಿದ್ದೇ ಒಳ್ಳೆಯದಾಯಿತು ಮಕ್ಕಳೇ," ಎಂದರು. "ಇಲ್ಲದಿದ್ದರೆ ಈ ದೋಣಿಯವರು ಮೂವರನ್ನು ಹುಡುಕಬೇಕಾಗಿತ್ತು."