ಸುತ್ತಿ ಬಳಸಿ ಬಂದ ಚೆಂಡು

ಆಗಸ್ಟ್ ತಿಂಗಳ ಮಳೆ. ಬಚ್ಚಲೊಲೆಗೆ ಒಡ್ಡಿದ ಕಟ್ಟಿಗೆ ಅರೆಹಸಿ, ಬೆಂಕಿಗಿಂತ ಹೊಗೆಯೇ ಹೆಚ್ಚು. ಕೆಂಡದ ಬದಿಗೆ ನಾಲ್ಕು ಹಲಸಿನ ಬೇಳೆ ತಳ್ಳಿಕೊಂಡು ಕೂತಿದ್ದೆ. ತಂಗಿಯ ಮಗಳು ಬಂದವಳೇ ಕೆಸರು ಮೆತ್ತಿದ ಶೂಗಳನ್ನು ಮೂಲೆಗೆಸೆದು ಪಕ್ಕದ ಮಣೆ ಎಳೆದುಕೊಂಡಳು. ಪಕ್ಕದೂರಿನ ಶಾಲೆಯ ಜೊತೆ ಅಭ್ಯಾಸದ ಬ್ಯಾಸ್ಕೆಟ್‌ಬಾಲ್ ಆಟ ಆಡಿ, ಸೋತು ಬಂದಿದ್ದಳು. ತಾಲ್ಲೂಕು ಪಂದ್ಯಕ್ಕೆ ಇನ್ನು ಎಂಟೇ ದಿನ.

"ಮಾವ, ನಮ್ಮ ಸೆಂಟರ್ ಇದ್ದಾಳಲ್ಲ, ಉದ್ದದವಳು, ಅವಳ ಕೈಗೆ ಚೆಂಡು ಹೋದ್ರೆ ಎರಡು ಪಾಯಿಂಟು ಬಂದ ಹಾಗೇ. ಇವತ್ತು ಅವರು ಒಬ್ಬ ಕುಳ್ಳಿಯನ್ನ ತಂದು ಅವಳ ಎದುರಿಗೇ ನಿಲ್ಸಿದ್ರು. ಬೆನ್ನ ಹಿಂದೆ ಅಲ್ಲ, ಎದುರಿಗೆ! ನಾನು ಪಾಸ್ ಎಲ್ಲಿಗೆ ಕೊಡ್ಲಿ?"

"ಕೊಡ್ಲಿಲ್ವಾ?"

"ಕೊಟ್ಟೆ. ಕೊನೇ ಐದು ನಿಮಿಷದಲ್ಲಿ ನಾಲ್ಕು ಸಲ. ನಾಲ್ಕೂ ಅವರ ಕೈಗೇ ಹೋಯ್ತು. ಸರ್ ಮಾತ್ರ ಹೊರಗಿಂದ 'ಅವಳಿಗೇ ಕೊಡು, ಅವಳಿಗೇ ಕೊಡು' ಅಂತ ಕೂಗ್ತಾನೇ ಇದ್ರು."

ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು. ನಗು ಬಂದದ್ದು ಅವಳ ಮೇಲಲ್ಲ. ಮೂವತ್ತು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಕಾಲೇಜು ತಂಡದಲ್ಲಿ ನಾನು ಗಾರ್ಡ್, ನನ್ನ ಗೆಳೆಯ ಸೆಂಟರ್. ಅಂತರ ಕಾಲೇಜು ಫೈನಲ್ಲಿನ ಕೊನೆಯ ನಿಮಿಷಗಳಲ್ಲಿ ಎದುರಾಳಿಗಳು ಅವನ ಮುಂದೆ ಬಂದು ನಿಂತರು. ನಾನು ಅವರ ತಲೆ ಮೇಲಿಂದ ಚೆಂಡು ಎತ್ತಿ ಎಸೆದೆ. ಹಿಂದೆ ಇನ್ನೊಬ್ಬ ಕಾದಿದ್ದ. ಮತ್ತೆ ಎಸೆದೆ. ಮತ್ತೆ ಅವನೇ ಹಿಡಿದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಗೆಳೆಯ ಕಿಟಕಿಯಾಚೆ ನೋಡುತ್ತ, "ಇಷ್ಟುದ್ದ ಬೆಳೆದು ಏನು ಬಂತೋ" ಎಂದ. ಅಷ್ಟೇ.

ಈ ತಂತ್ರಕ್ಕೆ ಫ್ರಂಟಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಕಾಯುವವನು ಸೆಂಟರಿಗೂ ರಿಂಗಿಗೂ ನಡುವೆ, ಅಂದರೆ ಸೆಂಟರಿನ ಬೆನ್ನಿಗೆ ನಿಲ್ಲುತ್ತಾನೆ. ಫ್ರಂಟಿಂಗಿನಲ್ಲಿ ಅವನು ಸೆಂಟರಿಗೂ ಚೆಂಡಿಗೂ ನಡುವೆ ಬರುತ್ತಾನೆ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನಿನ್ನ ಎಲೆಗೂ ಬಡಿಸುವವನಿಗೂ ನಡುವೆ ಒಬ್ಬ ಅಡ್ಡ ನಿಂತರೆ ಹೇಗೆ, ಹಾಗೆ. ನಿನ್ನ ಹಸಿವು ಎಷ್ಟೇ ಇರಲಿ, ಎಲೆಗೆ ಏನೂ ಬೀಳುವುದಿಲ್ಲ. ಮೇಲಿಂದ ಎಸೆದರೆ ಹಿಂದೆ ನಿಂತವನ ಎಲೆಗೆ ಬೀಳುತ್ತದೆ.

"ಹಂಗಾದ್ರೆ ಏನು ಮಾಡ್ಬೇಕು?"

"ಒಂದು ಆಟದ ಕಥೆ ಹೇಳ್ತೀನಿ, ಕೇಳು" ಎಂದೆ. ಒಂದು ಬೇಳೆ ಢಪ್ ಎಂದು ಸಿಡಿಯಿತು. ಬೂದಿ ಕೊಡವಿ ಅವಳ ಕೈಗಿಟ್ಟೆ.

ಅದು 2000ನೇ ಇಸವಿ. ವೈಟುಕೆ ಗಲಾಟೆಯಲ್ಲಿ ಬೆಂಗಳೂರಿನಿಂದ ವಿಮಾನ ಹತ್ತಿದ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಜನವರಿ ಒಂದಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ನಮ್ಮನ್ನು ಕರೆಸಿಕೊಂಡರು. ಅವು ಕೆಡಲಿಲ್ಲ, ನಾವು ಕೂತೆವು. ಕೆಲಸವಿಲ್ಲದೆ ಮುಂದಿನ ಪ್ರಾಜೆಕ್ಟಿಗಾಗಿ ಕಾಯುವುದಕ್ಕೆ ಸಾಫ್ಟ್‌ವೇರಿನವರು 'ಬೆಂಚ್ ಮೇಲಿರುವುದು' ಎನ್ನುತ್ತಾರೆ. ಕಾಲೇಜು ತಂಡದಲ್ಲಿ ಒಂದು ದಿನವೂ ಬೆಂಚ್ ಮೇಲೆ ಕೂರದವನು ಲಾಸ್ ಏಂಜಲೀಸಿನಲ್ಲಿ ಮೂರು ತಿಂಗಳು ಕೂತೆ.

ಎರಡು ಕೋಣೆಯ ಮನೆ, ಐದು ಜನ. ರಸ್ತೆ ಬದಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಸೋಫಾ, ಬಣ್ಣ ಆಗಾಗ ಹಸಿರಿಗೆ ತಿರುಗುತ್ತಿದ್ದ ಟಿವಿ. ಉಳಿದ ನಾಲ್ವರಿಗೂ ಕ್ರಿಕೆಟ್ಟೇ ದೇವರು. ಆದರೆ ಆ ಏಪ್ರಿಲ್‌ನಲ್ಲಿ ಹ್ಯಾನ್ಸಿ ಕ್ರೋನಿಯೆಯ ಮ್ಯಾಚ್ ಫಿಕ್ಸಿಂಗ್ ಬಯಲಾಗಿ, ದೇವರ ಮೇಲೆ ಎಲ್ಲರಿಗೂ ಮುನಿಸು. ಆ ಮುನಿಸಿನಿಂದಲೇ ಅವರು ನನ್ನ ಜೊತೆ ಬ್ಯಾಸ್ಕೆಟ್‌ಬಾಲ್ ನೋಡಲು ಕೂತದ್ದು.

ಊರಿನ ತಂಡ ಲೇಕರ್ಸ್. ಅವರ ಸೆಂಟರ್ ಶಕೀಲ್ ಓನೀಲ್. ಏಳಡಿ ಒಂದಂಗುಲ, ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣದಂಥ ಮೈ. ಜನ ಕರೆಯುತ್ತಿದ್ದದ್ದು ಶಾಕ್ ಎಂದು. ನಮ್ಮ ಕನ್ನಡದ ಕಿವಿಗೆ ಅದು ಕರೆಂಟ್ ಹೊಡೆದ ಹಾಗೇ ಕೇಳಿಸುತ್ತಿತ್ತು, ಆಟವೂ ಹಾಗೇ ಇತ್ತು. ಆ ವರ್ಷ ಆಟಕ್ಕೆ ಸರಾಸರಿ 29.7 ಅಂಕ. ವರ್ಷದ ಅತ್ಯುತ್ತಮ ಆಟಗಾರನನ್ನು ಆರಿಸುವ 121 ಮತಗಳಲ್ಲಿ 120 ಅವನಿಗೇ. ಉಳಿದ ಒಂದು ಅಲೆನ್ ಐವರ್ಸನ್‌ಗೆ. ತಂಡ 82 ಆಟಗಳಲ್ಲಿ 67 ಗೆದ್ದಿತ್ತು.

ಇಂಥವನನ್ನು ತಡೆಯುವುದು ಹೇಗೆ? ಪೋರ್ಟ್‌ಲ್ಯಾಂಡ್‌ನ ಟ್ರೇಲ್ ಬ್ಲೇಜರ್ಸ್ ಮೊದಲು ಹಿಡಿದದ್ದು ಒರಟು ದಾರಿ. ಶಾಕ್‌ನ ಫ್ರೀ ಥ್ರೋ ಕೆಟ್ಟದ್ದು, ಎರಡರಲ್ಲಿ ಒಂದು ಬಿದ್ದರೆ ಪುಣ್ಯ. ಪಶ್ಚಿಮ ವಿಭಾಗದ ಫೈನಲ್ಲಿನ ಮೊದಲ ಆಟದಲ್ಲಿ, ಚೆಂಡು ಎಲ್ಲೇ ಇರಲಿ, ಹೋಗಿ ಅವನನ್ನೇ ಹಿಡಿದು ಫೌಲ್ ಮಾಡಿದರು. ಕೊನೆಯ ಕ್ವಾರ್ಟರ್ ಒಂದರಲ್ಲೇ ಅವನು 25 ಫ್ರೀ ಥ್ರೋ ಎಸೆದ. ನೋಡುವವರಿಗೆ ಶಿಕ್ಷೆ. ಆದರೂ ಗೆದ್ದದ್ದು ಲೇಕರ್ಸೇ. ಏಳು ಆಟಗಳ ಸರಣಿಯಲ್ಲಿ ಮೂರು-ಒಂದರ ಮುನ್ನಡೆಯೂ ಸಿಕ್ಕಿತು. ಅಲ್ಲಿಂದ ಪೋರ್ಟ್‌ಲ್ಯಾಂಡ್ ಎರಡು ಆಟ ಗೆದ್ದು ಸರಿಸಮ ಮಾಡಿತು. ಏಳನೆಯ ಆಟ ಜೂನ್ 4, ಭಾನುವಾರ, ಸ್ಟೇಪಲ್ಸ್ ಸೆಂಟರ್‌ನಲ್ಲಿ.

ಆ ದಿನ ಅವರು ಶಾಕ್‌ನನ್ನು ಕಟ್ಟಿಹಾಕಿದ ಬಗೆಯೇ ಬೇರೆ. ಅವನ ಬೆನ್ನಿಗೆ ಲಿಥುವೇನಿಯಾದ ಅರ್ವಿದಾಸ್ ಸಬೋನಿಸ್, ಏಳಡಿ ಮೂರಂಗುಲದ ಆಳು, ಮೊಣಕಾಲು ಸವೆದಿದ್ದರೂ ಗೋಡೆಯಂತೆ ಒರಗಿ ನಿಲ್ಲುತ್ತಿದ್ದ. ಮುಂದುಗಡೆ ಉದ್ದ ಕೈಗಳ ಸ್ಕಾಟಿ ಪಿಪ್ಪೆನ್, ರಶೀದ್ ವಾಲೇಸ್. ಆ ಕಾಲಕ್ಕೆ ಎನ್‌ಬಿಎಯಲ್ಲಿ ಝೋನ್ ಕಾಯುವುದು, ಅಂದರೆ ಒಬ್ಬೊಬ್ಬ ಎದುರಾಳಿಯ ಬದಲು ಒಂದೊಂದು ಜಾಗವನ್ನು ಕಾಯುವುದು, ನಿಷಿದ್ಧ. ಅನುಮತಿ ಸಿಕ್ಕಿದ್ದು ಮರುವರ್ಷ, 2001ರಲ್ಲಿ. ಸುಮ್ಮನೆ ಬಂದು ಶಾಕ್ ಪಕ್ಕ ಠಿಕಾಣಿ ಹೂಡುವ ಹಾಗಿರಲಿಲ್ಲ. ಆದರೆ ಪಿಪ್ಪೆನ್ ಪಾಕಡಾ ಮನುಷ್ಯ. ಲೇಕರ್ಸಿನ ಕೋಚ್ ಫಿಲ್ ಜಾಕ್ಸನ್ ಅವರ ಕೈಕೆಳಗೇ ಶಿಕಾಗೋದಲ್ಲಿ ಆರು ಟ್ರೋಫಿ ಗೆದ್ದವನು. ಜಾಕ್ಸನ್ ಆಡಿಸುತ್ತಿದ್ದ ಟ್ರಯಾಂಗಲ್ ಆಟದ ಒಳಹೊರಗೆಲ್ಲ ಅವನಿಗೆ ಬಾಯಿಪಾಠ. ಚೆಂಡು ಯಾವ ದಾರಿಯಲ್ಲಿ ಒಳಗೆ ಹೋಗುತ್ತದೆಂದು ಅದು ಹೊರಡುವ ಮೊದಲೇ ತಿಳಿದು, ಅಲ್ಲೊಂದು ಕೈ ಇಟ್ಟಿರುತ್ತಿದ್ದ.

ಹೀಗಾಗಿ ಹಿಂದೊಬ್ಬ, ಮುಂದೊಬ್ಬ, ಆಚೀಚೆ ಇನ್ನಿಬ್ಬರ ಕಣ್ಣು. ಗಾರ್ಡುಗಳು ಚೆಂಡು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. 24 ಸೆಕೆಂಡಿನ ಗಡಿಯಾರ ಸುಮ್ಮನೆ ಕರಗುತ್ತಿತ್ತು. ನಾನು ಸೋಫಾದ ತುದಿಯಲ್ಲಿ ಕೂತು, "ಒಳಗೆ ಕೊಡ್ರೋ, ಒಳಗೆ ಕೊಡ್ರೋ" ಎಂದು ಕೂಗುತ್ತಿದ್ದೆ. ಥೇಟ್ ನಿಮ್ಮ ಸರ್ ಥರ. ಆಟ ಮುಗಿದಾಗ ಲೆಕ್ಕ ನೋಡಿದರೆ, ಆ ವರ್ಷದ ಅತ್ಯುತ್ತಮ ಆಟಗಾರ ಇಡೀ ಆಟದಲ್ಲಿ ರಿಂಗಿಗೆ ಗುರಿಯಿಟ್ಟದ್ದು ಫ್ರೀ ಥ್ರೋ ಬಿಟ್ಟರೆ ಒಂಬತ್ತೇ ಸಲ.

ಮೂರನೆಯ ಕ್ವಾರ್ಟರ್ ಮುಗಿಯುವ ಹೊತ್ತಿಗೆ 71-58, ಪೋರ್ಟ್‌ಲ್ಯಾಂಡ್ ಮುಂದೆ. ಆ 58ರಲ್ಲಿ ಕೊನೆಯ ಮೂರು ಬಂದದ್ದು ಬ್ರಯನ್ ಶಾ ಎಂಬವನಿಂದ. ಅವನು ಎಸೆದ ಚೆಂಡು ಬೋರ್ಡಿಗೆ ತಾಗಿ ಹೇಗೋ ಒಳಗೆ ಬಿತ್ತು. ಹೇಳಿಕೊಳ್ಳುವಂಥ ಹೆಸರಿನವನಲ್ಲ, ಬೆಂಚಿನಿಂದ ಎದ್ದು ಬಂದವನು. ಬೆಂಚ್ ಎಂಬ ಶಬ್ದ ಕೇಳಿದರೇ ಉರಿಯುತ್ತಿದ್ದ ನಮಗೆ ಅವನ ಮೇಲೆ ಒಂಥರಾ ಅಕ್ಕರೆ ಹುಟ್ಟಿತು.

ಸ್ವಲ್ಪ ಹೊತ್ತಿಗೆ 75-60. ಉಳಿದದ್ದು ಹತ್ತು ನಿಮಿಷ ಚಿಲ್ಲರೆ. ಜೊತೆಗಾರನೊಬ್ಬ ಎದ್ದು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟ. ಬಿಸಿಬೇಳೆಬಾತ್, ಎಂಟಿಆರ್ ಪುಡಿ, ಊರಿಂದ ತಂದ ಕೊನೆಯ ಪೊಟ್ಟಣ. ಗೆದ್ದರೆ ಮಾಡೋಣ ಎಂದು ಎತ್ತಿಟ್ಟಿದ್ದೆವು. ಸೋತ ಮೇಲೂ ಹಸಿವಾಗುತ್ತದಲ್ಲ ಎಂದು ಇಟ್ಟ.

ಆಗ ಜಾಕ್ಸನ್ ಹೇಳಿದ ಮಾತನ್ನು ಆಟಗಾರರು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಶಾಕ್‌ನ ಸುತ್ತ ನಾಲ್ಕು ಜನ ಸೇರಿದ್ದಾರೆ, ಅವನಿಗೆ ತುರುಕುವುದನ್ನು ಬಿಡಿ, ಖಾಲಿ ಸಿಕ್ಕವರು ಎಸೆಯಿರಿ, ಅಷ್ಟೇ ಅದರ ಸಾರ. ಕೇಳಲು ಸಸಾರ. ಆದರೆ ನೀನೇ ಯೋಚನೆ ಮಾಡು, ಮನೆಯಲ್ಲಿ ಅಂಥ ಆನೆ ಇರುವಾಗ, ಹದಿನೈದು ಅಂಕ ಹಿಂದಿರುವಾಗ, ನಾನು ಎಸೀತೀನಿ ಅನ್ನೋದಕ್ಕೆ ಎಷ್ಟು ಎದೆ ಬೇಕು! ತಪ್ಪಿದರೆ ಊರೆಲ್ಲ ಕೇಳುವುದು ಒಂದೇ ಪ್ರಶ್ನೆ: ಶಾಕ್‌ಗೆ ಯಾಕೆ ಕೊಡಲಿಲ್ಲ?

ಎಸೆದರು. ಶಾ ಎಸೆದ, ಮೂರು. ರಾಬರ್ಟ್ ಹೋರಿ ಎಸೆದ, ಮೂರು. ಆ ಕಡೆ ಪೋರ್ಟ್‌ಲ್ಯಾಂಡಿನವರ ಕೈಗೆ ಏನಾಯಿತೋ, ಸಾಲಾಗಿ ಹದಿಮೂರು ಎಸೆತ ರಿಂಗಿನ ಅಂಚಿಗೆ ಬಡಿದು ಹೊರಗೆ ಹೋದವು. ಇದನ್ನು ಮುಚ್ಚಿಟ್ಟು ಲೇಕರ್ಸಿನ ಬುದ್ಧಿಯೇ ಎಲ್ಲ ಮಾಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹದಿಮೂರರಲ್ಲಿ ಮೂರು ಬಿದ್ದಿದ್ದರೂ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ನಾಲ್ಕು ನಿಮಿಷ ಉಳಿದಾಗ ಮತ್ತೆ ಶಾ, ಮತ್ತೆ ಮೂರು. 75-75. ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೋ, ಎಣಿಸಿದವರಿಲ್ಲ.

"ಅಷ್ಟು ಹೊತ್ತು ಶಾಕ್ ಏನು ಮಾಡ್ತಿದ್ದ?" ನಮ್ಮ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅವತ್ತು ನನಗೆ ಹೊಳೆದಿರಲಿಲ್ಲ. ಆಮೇಲೆ ಆ ಆಟವನ್ನು ಎರಡು ಮೂರು ಸಲ ಮತ್ತೆ ನೋಡಿದಾಗ ಚೆಂಡು ಬಿಟ್ಟು ಅವನೊಬ್ಬನನ್ನೇ ನೋಡಿದೆ. ಪ್ರತಿ ಸಲ ಓಡಿ ಬರುತ್ತಾನೆ. ರಿಂಗಿನ ಹತ್ತಿರ ಜಾಗ ಹಿಡಿಯುತ್ತಾನೆ. ಕೈಯೆತ್ತಿ ಚೆಂಡು ಕೇಳುತ್ತಾನೆ. ಮೂರು ಸೆಕೆಂಡಿಗಿಂತ ಹೆಚ್ಚು ಒಳಗೆ ನಿಲ್ಲುವಂತಿಲ್ಲ, ಆಚೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಚೆಂಡು ಬರುವುದಿಲ್ಲ. ಆದರೆ ಅವನು ಹೋದಲ್ಲೆಲ್ಲ ಇಬ್ಬರು ಹೋಗುತ್ತಾರೆ. ಶಾ ಅಷ್ಟು ನಿರಾಳವಾಗಿ ಎಸೆದದ್ದು, ಅವನನ್ನು ಕಾಯಬೇಕಾದವನು ಶಾಕ್‌ನ ಭಯಕ್ಕೆ ಎರಡು ಹೆಜ್ಜೆ ಒಳಗಿದ್ದದ್ದರಿಂದ. ಕೊನೆಗೆ ಆ ಕಾಯುವವರಿಗೂ ಗಾಬರಿಯಾಯಿತು. ಹೊರಗೆ ಓಡಿದರೆ ಶಾಕ್, ಒಳಗೆ ನಿಂತರೆ ಶಾ.

ಕೊನೆಯ ಎರಡು ನಿಮಿಷ. 81-79, ಲೇಕರ್ಸ್ ಮುಂದೆ. ರಶೀದ್ ವಾಲೇಸ್, ಆ ದಿನ 30 ಅಂಕ ಗಳಿಸಿದವನು, ಎರಡು ಫ್ರೀ ಥ್ರೋ ತಪ್ಪಿಸಿದ. ಲೇಕರ್ಸಿನ ಕೋಬಿ ಬ್ರಯಂಟ್ ಎರಡು ಅಂಕ ಹಾಕಿದ, 83-79. ಇನ್ನೊಂದು ನಿಮಿಷಕ್ಕೂ ಕಡಿಮೆ. ಕೋಬಿಗೆ ಆಗ ಇಪ್ಪತ್ತೊಂದು ವರ್ಷ. ಎದುರಿಗೆ ನಿಂತವನು ಪಿಪ್ಪೆನ್. ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಜಾರಿಸಿ, ಪಿಪ್ಪೆನ್‌ನ ಪಕ್ಕದಿಂದ ನುಸುಳಿದ. ಇಷ್ಟು ಹೊತ್ತು ಶಾಕ್‌ಗೆ ಅಂಟಿಕೊಂಡಿದ್ದವನು ಕೋಬಿಯನ್ನು ತಡೆಯಲು ಮುಂದೆ ಬಂದ. ಒಂದೇ ಹೆಜ್ಜೆ. ಕೋಬಿ ಚೆಂಡನ್ನು ರಿಂಗಿನ ಮೇಲ್ಗಡೆಗೆ ಎಸೆದ. ಎಸೆದದ್ದು ಕೊಂಚ ಎತ್ತರವೇ ಆಯಿತು ಎಂದುಕೊಂಡೆ. ಶಾಕ್ ಎದ್ದ, ಒಂದೇ ಕೈಯಲ್ಲಿ ಹಿಡಿದ, ಹಿಡಿದ ಕೈಯಲ್ಲೇ ರಿಂಗಿಗೆ ಬಡಿದ. 85-79. ಆಮೇಲೆ ಬಾಯಿ ತೆರೆದು, ಎರಡೂ ಕೈಯ ಬೆರಳು ಮುಂದೆ ಮಾಡಿ, ಪುಟ್ಟ ಹುಡುಗನ ಹಾಗೆ ಓಡಿದ. ನಾವು ಐವರು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟಿದರು. ಬಿಸಿಬೇಳೆಬಾತ್ ತಳ ಹತ್ತಿತ್ತು. ಆದರೂ ಪಾತ್ರೆ ಬಳಿದು ತಿಂದೆವು.

ಆಟ 89-84ಕ್ಕೆ ಮುಗಿಯಿತು. ಕೋಬಿ 25, ಶಾಕ್ 18. ಆ ಲಾಬ್, ಅಂದರೆ ಎತ್ತಿ ಎಸೆದ ಪಾಸಿನ ಚಿತ್ರ ಇವತ್ತಿಗೂ ಎಲ್ಲ ಕಡೆ ಓಡುತ್ತದೆ. ನನ್ನನ್ನು ಕೇಳಿದರೆ, ಆಟ ಗೆದ್ದದ್ದು ಅದಕ್ಕೂ ಮೊದಲೇ, ಶಾ ಎಸೆದ ಚೆಂಡುಗಳಿಂದ. ಲಾಬ್ ಎಂಬುದು ಬಾಗಿಲು ತೆರೆದ ಮೇಲೆ ಒಳಗೆ ಹೋದದ್ದು. ಕಾಲೇಜಿನಲ್ಲಿ ನಾನು ಎಸೆದದ್ದೂ ಅದೇ ಲಾಬ್, ಬಾಗಿಲು ಮುಚ್ಚಿದ್ದಾಗ.

"ಅದು ಒಂದೇ ಸಲ ಆಗಿದ್ದಲ್ವಾ?" ಅವಳಿಗೆ ನಂಬಿಕೆ ಬರಲಿಲ್ಲ. ಅದಕ್ಕೆ ಹ್ಯೂಸ್ಟನ್ನಿನ ಮಾತನ್ನೂ ಹೇಳಬೇಕಾಯಿತು. 2009ರ ಏಪ್ರಿಲ್, ಮತ್ತೆ ಅದೇ ಪೋರ್ಟ್‌ಲ್ಯಾಂಡ್. ಈ ಸಲ ಎದುರಿಗೆ ಹ್ಯೂಸ್ಟನ್ ರಾಕೆಟ್ಸ್‌ನ ಯಾವ್ ಮಿಂಗ್, ಚೀನಾದ ಏಳಡಿ ಆರಂಗುಲದವನು. ಮೊದಲ ಆಟದಲ್ಲಿ ಒಂಬತ್ತು ಸಲ ಎಸೆದ, ಒಂಬತ್ತೂ ಬಿತ್ತು, 24 ಅಂಕ. ಎರಡನೆಯ ಆಟಕ್ಕೆ ಪೋರ್ಟ್‌ಲ್ಯಾಂಡಿನವರು ಅವನ ಮುಂದೆ ಬಂದು ನಿಂತರು. ಈಗ ಝೋನಿಗೂ ಅನುಮತಿ ಇತ್ತು, ಹಿಂದೆ ಇನ್ನೊಬ್ಬನನ್ನು ನಿಲ್ಲಿಸಲು ಅಡ್ಡಿಯಿಲ್ಲ. ಯಾವ್‌ಗೆ ಸಿಕ್ಕಿದ್ದು 11 ಅಂಕ, ತಂಡ ಸೋತಿತು. ಆಮೇಲೆ ಹ್ಯೂಸ್ಟನ್ನಿನವರು ಹಟ ಬಿಟ್ಟರು. ಲೂಯಿಸ್ ಸ್ಕೋಲಾ ಫ್ರೀ ಥ್ರೋ ಗೆರೆಯ ಹತ್ತಿರ ನಿಂತು ಚೆಂಡು ಪಡೆದು ಅಲ್ಲಿಂದಲೇ ಎಸೆಯತೊಡಗಿದ. ಅವನನ್ನು ತಡೆಯಲು ಹಿಂದಿನವನು ಹೊರಗೆ ಬಂದರೆ ಯಾವ್‌ಗೆ ಮೇಲಿಂದ ದಾರಿ. ಸರಣಿಯನ್ನು ನಾಲ್ಕು-ಎರಡರಿಂದ ಗೆದ್ದರು.

ಹಂಡೆಯ ನೀರು ಕುದಿಯಲು ಶುರುವಾಗಿತ್ತು. ಅವಳು ಕೆಂಡ ಕೆದಕುತ್ತ ಸುಮ್ಮನೆ ಕೂತಳು.

"ನಿಮ್ಮ ತಂಡದಲ್ಲಿ ಹೊರಗಿಂದ ಎಸೆಯೋರು ಯಾರಿದ್ದಾರೆ?" ಎಂದೆ.

"ಒಬ್ಬಳಿದ್ದಾಳೆ. ಎಂಟನೇ ಕ್ಲಾಸು. ಮೂಲೆಯಿಂದ ಎಸೀತಾಳೆ, ಚೆನ್ನಾಗೇ ಬೀಳುತ್ತೆ."

"ಇವತ್ತು ಎಷ್ಟು ಸಲ ಎಸೆದಳು?"

ಅವಳು ಕೊನೆಯ ಬೇಳೆಯ ಸಿಪ್ಪೆ ಸುಲಿದು ಒಲೆಗೆ ಹಾಕಿದಳು.

"ನಾನು ಅವಳಿಗೆ ಪಾಸೇ ಕೊಡ್ಲಿಲ್ಲ."