ಹನ್ನೆರಡನೆಯ ಕಲಂ

ತುಮಕೂರಿನ ಕಡೆಯ ನಮ್ಮೂರಿನಲ್ಲಿ ಎರಡೆಕರೆ ರಾಗಿ ಹೊಲವುಂಟು. ಒಡೆತನ ಅಮ್ಮನದು, ಇಪ್ಪತ್ತು ವರ್ಷಗಳಿಂದ ವಾರಕ್ಕೆ ಉಳುವವನು ನಿಂಗಣ್ಣ. ಪಹಣಿಯ ಹನ್ನೆರಡನೆಯ ಕಲಮು ಸಾಗುವಳಿದಾರನಿಗೆ ಮೀಸಲು. ಅಲ್ಲಿಯೂ ‘ಸ್ವಂತ’ ಎಂದಿದೆ. 1974ರ ಗೇಣಿ ಕಾಯಿದೆಯ ಭಯದಿಂದ ಹಾಗೆ ಬರೆಸಿದವನು ನಾನೇ.

2019ರಲ್ಲಿ ಕೇಂದ್ರದ ಕಿಸಾನ್ ಸಮ್ಮಾನ್ ಹಣ ಬರತೊಡಗಿತು: ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಅದು ಭೂಮಿಯುಳ್ಳವರಿಗೆ, ಬರಿಯ ಉಳುವವನಿಗಲ್ಲ. ಹೀಗಾಗಿ, ನೇಗಿಲು ಮುಟ್ಟದ ನಮ್ಮಮ್ಮ ಸರ್ಕಾರದ ಲೆಕ್ಕದಲ್ಲಿ ರೈತಳಾದಳು.

ಮೊದಲ ಕಂತಿನ 2,000 ರೂಪಾಯಿಯನ್ನು ಅಮ್ಮ ನಿಂಗಣ್ಣನ ಕೈಗಿಟ್ಟಳು. “ನಿಮ್ಮ ದುಡ್ಡು ನನಗ್ಯಾಕವ್ವಾ?” ಎಂದ, ಕೊನೆಗೆ ಕಣ್ಣಿಗೊತ್ತಿಕೊಂಡು, ನನಗೂ ಕೈಮುಗಿದ.

ತರಗತಿಯಲ್ಲಿ ಕಾಯಕದ ವಚನಗಳನ್ನು ಪಾಠ ಹೇಳುವ ನಾನು, ಪತ್ರಿಕೆಯಿಂದ ಮುಖ ಮೇಲೆತ್ತಲಿಲ್ಲ.